ಮಲೆನಾಡಿನಲ್ಲಿ ಕೂತು ರಾಣಿಯ ಭಾವಚಿತ್ರ ಬರೆಯುವುದು: ತೈಲವರ್ಣದ ಸಮಗ್ರ ಮಾರ್ಗದರ್ಶಿ

ರಾಜರ ಚಿತ್ರ ಬರೆಯೋದು ಕಲಿಯಬೇಕು ಅಂತ ಬರುವವರು ನನ್ನನ್ನು ಮೊದಲು ಕೇಳುವುದು ಚಿನ್ನದ ಬಣ್ಣ ಎಲ್ಲಿ ಸಿಗುತ್ತದೆ ಅಂತ. ಚಿನ್ನದ ಬಣ್ಣ ಬೇಡ. ಒಡವೆ, ಜರಿ, ಕತ್ತಿಯ ಹಿಡಿ ಎಲ್ಲವೂ ಕೊನೆಯ ಒಂದು ವಾರದ ಕೆಲಸ. ಅದಕ್ಕೆ ಮೊದಲು ಎರಡು ಮೂರು ತಿಂಗಳು ಮುಖ, ಕೈ ಮತ್ತು ನೆರಳಿನ ಜೊತೆ ಕಳೆಯಬೇಕು. ಅದು ಸರಿ ಬಂದರೆ, ಮೈಮೇಲೆ ಒಂದು ಒಡವೆ ಇಲ್ಲದಿದ್ದರೂ ಇವರು ನಾಡು ಆಳಿದವರು ಅಂತ ನೋಡಿದವರಿಗೆ ಗೊತ್ತಾಗುತ್ತದೆ.

ಸ್ಪೇನಿನ ವೆಲಾಸ್ಕೆಸ್ 1620ರ ದಶಕದಲ್ಲಿ ತನ್ನ ದೊರೆ ನಾಲ್ಕನೇ ಫಿಲಿಪ್‌ನ ಚಿತ್ರ ಬರೆದ. ದೊರೆ ಕಪ್ಪು ಬಟ್ಟೆಯಲ್ಲಿ ಸುಮ್ಮನೆ ನಿಂತಿದ್ದಾನೆ. ಕಿರೀಟ ಇಲ್ಲ, ಸಿಂಹಾಸನ ಇಲ್ಲ. ಕೈಯಲ್ಲಿ ಒಂದು ಕಾಗದ ಅಷ್ಟೇ. ಬೆಳಕೆಲ್ಲ ಮುಖದ ಮೇಲೆ, ಕೈಗಳ ಮೇಲೆ. ಆ ಚಿತ್ರದ ಒಂದು ಒಳ್ಳೆಯ ಮುದ್ರಣ ಹುಡುಕಿ ಗೋಡೆಗೆ ಅಂಟಿಸಿಕೊಳ್ಳಿ. ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮುಂದೆ ಅರ್ಧ ದಿನ ನಿಲ್ಲಿ. 1868ರಲ್ಲಿ ತಿರುವನಂತಪುರದ ಅರಮನೆಗೆ ಬಂದಿದ್ದ ಥಿಯೋಡರ್ ಜೆನ್ಸನ್ ಅನ್ನುವ ಕಲಾವಿದ ರವಿವರ್ಮನಿಗೆ ಹೇಳಿಕೊಡಲಿಲ್ಲವಂತೆ, ಬರೆಯುವಾಗ ನೋಡಲು ಮಾತ್ರ ಬಿಟ್ಟನಂತೆ. ನೋಡಿ ಕಲಿಯುವುದು ಈ ಕೆಲಸದಲ್ಲಿ ಅಷ್ಟು ದೊಡ್ಡದು.

ಇಲ್ಲಿ ಉದಾಹರಣೆಗೆ ನಾನು ತೆಗೆದುಕೊಂಡಿರುವುದು ಕೆಳದಿಯ ರಾಣಿ ಚೆನ್ನಮ್ಮನನ್ನು. ಕುದುರೆ ಮೇಲೆ ಕತ್ತಿ ಎತ್ತಿದ ಚೆನ್ನಮ್ಮ ಅಲ್ಲ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಆಸರೆ ಕೇಳಿ ಬಂದಾಗ, ಔರಂಗಜೇಬನ ಸೈನ್ಯ ಬೆನ್ನಟ್ಟಿ ಬರುತ್ತದೆ ಅಂತ ಗೊತ್ತಿದ್ದೂ ಆಸರೆ ಕೊಟ್ಟ ಚೆನ್ನಮ್ಮ. ಕೂತು ಯೋಚನೆ ಮಾಡಿ ತೀರ್ಮಾನಕ್ಕೆ ಬಂದ ಮುಖ. ಅಳತೆ 30 × 40 ಇಂಚು, ಸೊಂಟದವರೆಗಿನ ಚಿತ್ರ.

ಮೊದಲು ಪಂಚಾಂಗ ನೋಡಿ

ತೈಲವರ್ಣ ನೀರಿನ ಹಾಗೆ ಆರಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿ ಪೊರೆಯಾಗುತ್ತದೆ. ಅದಕ್ಕೆ ಗಾಳಿ ಬೇಕು, ಬೆಳಕು ಬೇಕು, ಸ್ವಲ್ಪ ಬಿಸಿ ಬೇಕು. ನಮ್ಮ ಮಳೆಗಾಲದಲ್ಲಿ ಈ ಮೂರೂ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಹೊಸನಗರ, ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಒಗೆದ ಬಟ್ಟೆಯೇ ಒಲೆ ಮೇಲೆ ಒಣಗಬೇಕು. ಎಣ್ಣೆ ಬಣ್ಣದ ಪಾಡು ಕೇಳಬೇಕಾ?

ಆದ್ದರಿಂದ ದೀಪಾವಳಿ ಕಳೆದ ಮೇಲೆ ಶುರುಮಾಡಿ, ಯುಗಾದಿ ಹೊತ್ತಿಗೆ ಬಣ್ಣದ ಕೆಲಸ ಮುಗಿಸಿ. ಮಳೆಗಾಲದಲ್ಲಿ ಪೆನ್ಸಿಲ್ ಅಭ್ಯಾಸ, ಕಣ್ಣು ಕಿವಿ ಕೈಗಳ ಅಧ್ಯಯನ, ಚೌಕಟ್ಟಿನ ಕೆಲಸ ಇಟ್ಟುಕೊಳ್ಳಿ.

ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ನನ್ನ ಮೊದಲ ದೊಡ್ಡ ಚಿತ್ರವನ್ನು ಆಷಾಢದಲ್ಲೇ ಶುರುಮಾಡಿದೆ. ಹಿನ್ನೆಲೆ ಹೊಳೆಯಲಿ ಅಂತ ಕಪ್ಪಿಗೆ ಜಾಸ್ತಿ ಎಣ್ಣೆ ಬೆರೆಸಿ ಬಳಿದೆ. ಹತ್ತು ದಿನಕ್ಕೆ ಮುಟ್ಟಿದರೆ ಅಂಟಲಿಲ್ಲ. ಒಣಗಿತು ಅಂದುಕೊಂಡು ಅದರ ಮೇಲೆ ಟರ್ಪಂಟೈನ್ ಬೆರೆಸಿದ ತೆಳು ಬಣ್ಣದಲ್ಲಿ ಕಂಬ ಬರೆದೆ. ಒಣಗಿದ್ದು ಮೇಲಿನ ಕೆನೆ ಮಾತ್ರ. ಶಿವರಾತ್ರಿ ಹೊತ್ತಿಗೆ ಕಂಬದ ತುಂಬ ಬಿರುಕು, ನೀರು ಬತ್ತಿದ ಗದ್ದೆ ಬಿರಿದ ಹಾಗೆ. ಸರಿಮಾಡಲು ಆಗಲೇ ಇಲ್ಲ.

ಈ ಕಲೆಯ ದೊಡ್ಡ ನಿಯಮವೇ ಇದು: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದ ಹಾಗೆ ಜಾಸ್ತಿ. ಜಿಡ್ಡಿನ ಮೇಲೆ ತೆಳುವು ಹಾಕಿದರೆ, ಮೇಲಿನದು ಬೇಗ ಬಿಗಿದುಕೊಳ್ಳುತ್ತದೆ, ಕೆಳಗಿನದು ಇನ್ನೂ ಅಲುಗಾಡುತ್ತಿರುತ್ತದೆ. ಬಿರುಕು ಬಿಡದೆ ಇನ್ನೇನು ಮಾಡೀತು?

ಸಾಮಾನು

ಹಳೆಯ ಕಾಲದಲ್ಲಿ ಬಟ್ಟೆಗೆ ಪ್ರಾಣಿಯ ಚರ್ಮದ ಅಂಟು ಬಳಿದು ಮೇಲೆ ಬಿಳಿ ಹಾಕುತ್ತಿದ್ದರು. ಆ ಅಂಟು ಹಸಿ ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಲೆನಾಡಿಗೆ ಅದು ಆಗಿ ಬರುವುದಿಲ್ಲ. ಅಕ್ರಿಲಿಕ್ ಜೆಸ್ಸೊ ಅನ್ನುವ ಬಿಳಿ ತಳಬಣ್ಣ ತೆಗೆದುಕೊಳ್ಳಿ. ಮೂರು ಕೋಟ್ ಹಾಕಿ, ಪ್ರತಿ ಕೋಟ್ ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಉಜ್ಜಿ. ಭಾವಚಿತ್ರಕ್ಕೆ ಬಟ್ಟೆಯ ನೇಯ್ಗೆ ಜಾಸ್ತಿ ಎದ್ದು ಕಾಣಬಾರದು. ಕ್ಯಾನ್ವಾಸ್‌ನ ಹಿಂಭಾಗಕ್ಕೂ ಒಂದು ತೆಳು ಕೋಟ್ ಅಕ್ರಿಲಿಕ್ ಹಾಕಿ. ಬೂಷ್ಟು ಮೊದಲು ಹಿಡಿಯುವುದು ಹಿಂದಿನಿಂದ.

ಒಳಚೌಕಟ್ಟನ್ನು ಊರಿನ ಬಡಗಿಯಿಂದಲೇ ಮಾಡಿಸಬಹುದು. ಒಣಗಿದ ಸಾಗವಾನಿ ಇರಲಿ. ಬಟ್ಟೆಗೆ ತಗಲುವ ಒಳ ಅಂಚನ್ನು ಇಳಿಜಾರಾಗಿ ಕೆತ್ತಲು ಹೇಳಿ. ಇಲ್ಲದಿದ್ದರೆ ಮರದ ಅಂಚಿನ ಗೆರೆ ಚಿತ್ರದ ಮೇಲೆ ಮೂಡುತ್ತದೆ.

ಬಣ್ಣ ಎಂಟು ಸಾಕು: ಟೈಟೇನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ಯಾಡ್ಮಿಯಂ ರೆಡ್, ಅಲಿಝರಿನ್ ಕ್ರಿಮ್ಸನ್ (ಕಡುಗೆಂಪು), ಬರ್ನ್ಟ್ ಸಿಯೆನ್ನಾ (ಕೆಂಗಂದು), ರಾ ಅಂಬರ್ (ಕಡು ಕಂದು), ಅಲ್ಟ್ರಾಮರೀನ್ ಬ್ಲೂ, ಐವರಿ ಬ್ಲ್ಯಾಕ್. ಹಳೆಯವರ ಬಿಳಿ ಸೀಸದ್ದು, ಅದು ವಿಷ, ಮನೆಯಲ್ಲಿ ಮಕ್ಕಳಿರುವವರು ಅದರ ಆಸೆ ಬಿಡಿ. ಕಲಾ ಸಾಮಗ್ರಿಯ ಅಂಗಡಿಯ ಶುದ್ಧ ಅಗಸೆ ಎಣ್ಣೆ ಬೇಕು. ಬಾಗಿಲಿಗೆ ಬಳಿಯುವ ಕುದಿಸಿದ ಎಣ್ಣೆ ಹಳದಿ ತಿರುಗುತ್ತದೆ. ಹಂದಿಕೂದಲಿನ ಬ್ರಷ್ ನಾಲ್ಕು, ಮೆತ್ತನೆಯದು ಎರಡು. ಕೈ ಊರಲು ಒಂದು ಕೋಲು ಬೇಕು. ನಾನು ಅಡಿಕೆ ದಬ್ಬೆಯನ್ನೇ ಉಜ್ಜಿ ನಯ ಮಾಡಿ, ತುದಿಗೆ ಬಟ್ಟೆ ಸುತ್ತಿಕೊಂಡಿದ್ದೇನೆ.

ಒಂದು ಮಾತು ಮರೆಯಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಕಟ್ಟಿ ಮೂಲೆಗೆ ಎಸೆದರೆ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಪಕ್ಕದಲ್ಲೇ ಹುಲ್ಲು, ಅಡಿಕೆ ಸಿಪ್ಪೆ ಇರುವ ಮನೆ ನಮ್ಮದು. ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಿ.

ಕೂರಿಸುವುದು ಮತ್ತು ಬೆಳಕು

ಮುನ್ನೂರು ವರ್ಷದ ಹಿಂದಿನ ರಾಣಿಯನ್ನು ಎದುರು ಕೂರಿಸಿಕೊಳ್ಳಲು ಆಗುವುದಿಲ್ಲ. ಆದರೆ ಮುಖವನ್ನು ತಲೆಯಿಂದ ಹುಟ್ಟಿಸಬೇಡಿ. ಹಾಗೆ ಹುಟ್ಟಿಸಿದ ಮುಖ ಕ್ಯಾಲೆಂಡರಿನ ದೇವಿಯಾಗುತ್ತದೆ. ಮನೆಯಲ್ಲಿ, ಕೇರಿಯಲ್ಲಿ ಹುಡುಕಿ. ನಾನು ನನ್ನ ಚಿಕ್ಕಮ್ಮನನ್ನು ಕೂರಿಸಿದೆ. ಐವತ್ತೈದು ವರ್ಷ, ತೋಟ ಮನೆ ಎರಡನ್ನೂ ಒಬ್ಬರೇ ನೋಡಿಕೊಂಡವರು. "ಎಷ್ಟೊತ್ತು ಹಿಂಗೇ ಕೂರದು ಮಾರಾಯ್ತಿ, ಒಲೆ ಮೇಲೆ ಹಾಲಿಟ್ಟೀನಿ" ಅನ್ನುತ್ತಲೇ ಮೂರು ವಾರ ಕೂತರು. ಒಂದು ಸಲಕ್ಕೆ ಇಪ್ಪತ್ತು ನಿಮಿಷ, ಆಮೇಲೆ ಐದು ನಿಮಿಷ ಬಿಡುವು. ಅದಕ್ಕಿಂತ ಜಾಸ್ತಿ ಕೂರಿಸಿದರೆ ಮುಖ ಜೋತುಬೀಳುತ್ತದೆ.

ಉಡುಗೆ ತೊಡುಗೆಗೆ ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ಸಂಗ್ರಹಾಲಯ, ಕೆಳದಿಯ ವಸ್ತುಸಂಗ್ರಹಾಲಯ ನೋಡಿ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ನೆಲದ ಮೇಲೆ ಅಡ್ಡಬಿದ್ದ ಕೆಳದಿ ಅರಸರ ರೂಪಗಳಿವೆ. ರಾಜರೇ ದೇವರ ಮುಂದೆ ನೆಲಕ್ಕೆ ಮೈಯಿಟ್ಟ ಆ ಕೆತ್ತನೆ ನೋಡಿದ ಮೇಲೆ, ನನ್ನ ರಾಣಿಯ ಗಲ್ಲವನ್ನು ಒಂದಿಷ್ಟು ಕೆಳಗಿಳಿಸಿದೆ. ಗಲ್ಲ ಮೇಲೆತ್ತಿದರೆ ಗತ್ತು ಬರುತ್ತದೆ, ಗಾಂಭೀರ್ಯ ಬರುವುದಿಲ್ಲ.

ಬೆಳಕು ಒಂದೇ ಕಡೆಯಿಂದ ಬರಲಿ. ಉತ್ತರದ ಕಿಟಕಿ ಇದ್ದರೆ ಬಹಳ ಒಳ್ಳೆಯದು, ನಾವು ಬಣ್ಣ ಹಾಕುವ ಚಳಿಗಾಲದ ತಿಂಗಳುಗಳಲ್ಲಿ ಅಲ್ಲಿ ಬಿಸಿಲು ನೇರ ಬೀಳುವುದಿಲ್ಲ. ಜಗಲಿಯಲ್ಲಿ ಕೂರಿಸಿದರೆ ಒಂದು ಬದಿಗೆ ಕಂಬಳಿ ಕಟ್ಟಿ ಬೆಳಕು ತಡೆಯಿರಿ. ಮುಖದ ಮೂರರಲ್ಲಿ ಎರಡು ಪಾಲು ಬೆಳಕಿನಲ್ಲಿ, ಒಂದು ಪಾಲು ನೆರಳಿನಲ್ಲಿ ಇದ್ದರೆ ಸಾಕು. ಅಡಿಕೆ ಸುಗ್ಗಿಯಲ್ಲಿ ಒಂದು ಚಂದ ಸಿಗುತ್ತದೆ. ಅಂಗಳದ ತುಂಬ ಬೇಯಿಸಿದ ಕೆಂಪಡಿಕೆ ಹರಡಿದ್ದಾಗ, ಅದರ ಮೇಲೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮಿ ಗಲ್ಲದ ಕೆಳಗಿನ ನೆರಳಿಗೆ ಬೆಚ್ಚನೆಯ ಕೆಂಪು ಹಚ್ಚುತ್ತದೆ. ಆ ಕೆಂಪನ್ನು ಬಿಡಬೇಡಿ, ಹಾಗೇ ಬರೆಯಿರಿ.

ನಿಮ್ಮ ಕಣ್ಣು ಕೂತವರ ಎದೆಯ ಮಟ್ಟಕ್ಕೆ ಇರಲಿ. ಅವರು ಎತ್ತರದ ಮಣೆಯ ಮೇಲೆ, ನೀವು ತಗ್ಗಿನಲ್ಲಿ. ಆಗ ನೋಡುವವರು ತಾವಾಗಿ ಸ್ವಲ್ಪ ತಲೆಯೆತ್ತಿ ನೋಡುತ್ತಾರೆ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದಾದರೆ ಎಂಟು ಹತ್ತು ಅಡಿ ದೂರದಿಂದ ತೆಗೆಯಿರಿ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ.

ಕೆಮ್ಮಣ್ಣಿನ ನೆಲ

ಬಿಳಿ ಕ್ಯಾನ್ವಾಸ್ ಮೇಲೆ ನೇರ ಬಣ್ಣ ಹಾಕಬೇಡಿ. ಬರ್ನ್ಟ್ ಸಿಯೆನ್ನಾಕ್ಕೆ ಚೂರು ರಾ ಅಂಬರ್, ಜೊತೆಗೆ ಟರ್ಪಂಟೈನ್ ಮಾತ್ರ ಸೇರಿಸಿ ಇಡೀ ಕ್ಯಾನ್ವಾಸಿಗೆ ತೆಳುವಾಗಿ ಬಳಿದು, ಬಟ್ಟೆಯಿಂದ ಒರೆಸಿ. ಸಾಗರದ ಕಡೆ ಹಸೆ ಚಿತ್ತಾರ ಬರೆಯುವ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗೋಡೆಗೆ ಕೆಮ್ಮಣ್ಣು ಬಳಿದ ಮೇಲೆಯೇ ಅಕ್ಕಿಹಿಟ್ಟಿನ ಬಿಳಿ ಎಳೆ ಎದ್ದು ನಿಲ್ಲುವುದು. ಇಲ್ಲೂ ಅದೇ ಮಾತು. ನೆಲ ನಡು ಬಣ್ಣದ್ದಾದರೆ ಬೆಳಕು ಎಷ್ಟು, ಕತ್ತಲು ಎಷ್ಟು ಅಂತ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಕೆಮ್ಮಣ್ಣಿನ ಕೆಂಪೂ ಬರ್ನ್ಟ್ ಸಿಯೆನ್ನಾದ ಕೆಂಪೂ ಕಬ್ಬಿಣದ ಆಕ್ಸೈಡಿನದೇ.

ಎರಡು ದಿನ ಬಿಟ್ಟು ರಾ ಅಂಬರ್‌ನಲ್ಲಿ ಚಿತ್ರ ಎಳೆಯಿರಿ. ತಲೆ ಏಳೂವರೆ ಇಂಚು, ನಿಜದ ಅಳತೆಗಿಂತ ಸ್ವಲ್ಪ ಕಿರಿದು. ಮೊದಲು ನೆರಳಿನ ಆಕಾರಗಳನ್ನು ಒಟ್ಟಾಗಿ ತುಂಬಿ, ಬೆಳಕಿರುವ ಕಡೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕಣ್ಣು ಅರ್ಧ ಮುಚ್ಚಿ ನೋಡುತ್ತಾ ಬರೆಯಿರಿ, ಆಗ ಚಿಕ್ಕಪುಟ್ಟದ್ದು ಮರೆಯಾಗಿ ದೊಡ್ಡ ಆಕಾರ ಕಾಣುತ್ತದೆ. ಈ ಹಂತದಲ್ಲಿ ಚಿತ್ರ ಹಳೆಯ ಕಂದು ಫೋಟೋ ಥರ ಇರಬೇಕು. ಹೋಲಿಕೆ ಇಲ್ಲೇ ಬಂದಿರಬೇಕು. ಇಲ್ಲಿ ಬಾರದ ಹೋಲಿಕೆ ಬಣ್ಣ ಹಾಕಿದ ಮೇಲೂ ಬರುವುದಿಲ್ಲ. ಕನ್ನಡಿಯಲ್ಲಿ ತಿರುಗಿಸಿ ನೋಡಿ, ತಪ್ಪು ಎದ್ದು ಕಾಣುತ್ತದೆ. ಅಂಬರ್ ಬೇಗ ಒಣಗುವ ಬಣ್ಣ, ಅದರಲ್ಲಿ ಮ್ಯಾಂಗನೀಸ್ ಇದೆ. ಐದಾರು ದಿನದಲ್ಲಿ ಮುಂದಿನ ಪದರಕ್ಕೆ ತಯಾರು.

ಮುಖ

ನಮ್ಮ ಮೈಬಣ್ಣಕ್ಕೆ ಹೊಸಬರು ಮಾಡುವ ತಪ್ಪು ಒಂದೇ: ಬೆಳಕಿಗೆ ಬಿಳಿ ಸುರಿಯುವುದು. ಬಿಳಿ ಬೆರೆತರೆ ಮೈಬಣ್ಣ ತಣ್ಣಗಾಗುತ್ತದೆ, ಮುಖ ಸುಣ್ಣ ಬಳಿದ ಹಾಗಾಗುತ್ತದೆ. ಮೊದಲು ಓಕರ್‌ನಿಂದ ತಿಳಿ ಮಾಡಿ. ಸಾಲದಿದ್ದರೆ ಮಾತ್ರ ಬಿಳಿ.

ನಾನು ಪ್ಯಾಲೆಟ್ ಮೇಲೆ ನಾಲ್ಕು ಗುಡ್ಡೆ ಮಾಡಿಕೊಳ್ಳುತ್ತೇನೆ. ಬೆಳಕಿಗೆ ಓಕರ್, ಬಿಳಿ, ಸಾಸಿವೆ ಕಾಳಷ್ಟು ಕ್ಯಾಡ್ಮಿಯಂ ರೆಡ್. ನಿಜವಾದ ಮೈಬಣ್ಣಕ್ಕೆ ಬರ್ನ್ಟ್ ಸಿಯೆನ್ನಾ, ಓಕರ್, ಸ್ವಲ್ಪ ಬಿಳಿ. ನೆರಳಿಗೆ ಬರ್ನ್ಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್, ಬಿಳಿ ಬೇಡವೇ ಬೇಡ, ತೆಳುವಾಗಿ. ನಾಲ್ಕನೆಯದು ಬೆಳಕು ನೆರಳಿಗೆ ತಿರುಗುವ ಜಾಗದ್ದು. ಅಲ್ಲಿ ನಮ್ಮ ಚರ್ಮ ಹಸಿರು ಮಿಶ್ರಿತ ಬೂದಿಯಾಗಿ ಕಾಣುತ್ತದೆ. ರಾ ಅಂಬರ್, ಬಿಳಿ, ಚೂರು ಅಲ್ಟ್ರಾಮರೀನ್. ಈ ನಾಲ್ಕನೇ ಗುಡ್ಡೆ ಇಲ್ಲದಿದ್ದರೆ ಮುಖ ಮಣ್ಣಿನ ಗೊಂಬೆ. ಇದ್ದರೆ ಚರ್ಮದ ಕೆಳಗೆ ರಕ್ತ ಓಡುತ್ತದೆ.

ಹಣೆಯಲ್ಲಿ ಮೂಳೆ ಹತ್ತಿರ, ಅದು ಹಳದಿ ಕಡೆಗಿರಲಿ. ಕೆನ್ನೆ, ಮೂಗಿನ ತುದಿ, ಕಿವಿ ಕೆಂಪಿನ ಕಡೆಗೆ. ಬಾಯಿಯ ಸುತ್ತ, ದವಡೆ ಬೂದಿಯ ಕಡೆಗೆ. ವ್ಯತ್ಯಾಸ ಬಹಳ ಸಣ್ಣದು, ಬೇರೆಯವರಿಗೆ ಕಾಣದಷ್ಟು. ಆದರೂ ಅದು ಇರಬೇಕು.

ಮುಖವನ್ನು ಎರಡು ಮೂರು ಗಂಟೆ ಒಂದೇ ಕೂತಲ್ಲಿ, ಹಸಿ ಬಣ್ಣದ ಪಕ್ಕ ಹಸಿ ಬಣ್ಣ ಇಟ್ಟು ಬರೆಯಿರಿ. ಉಜ್ಜಿ ಉಜ್ಜಿ ನಯ ಮಾಡಬೇಡಿ. ಪಕ್ಕಪಕ್ಕ ಇಟ್ಟು, ಕೂಡುವ ಅಂಚಿನಲ್ಲಿ ಒಣ ಬ್ರಷ್ ಒಮ್ಮೆ ಆಡಿಸಿ ಬಿಟ್ಟುಬಿಡಿ. ಕಣ್ಣಿನ ಬಿಳಿ ಬಿಳಿಯಲ್ಲ, ಬೂದಿ. ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬೀಳಬೇಕು. ಕೆಳರೆಪ್ಪೆಗೆ ಒಂದು ದಪ್ಪ ಇದೆ, ಅಲ್ಲಿ ತೇವದ ಸಣ್ಣ ಗೆರೆ ಬೇಕು. ಹೊಳಪಿನ ಚುಕ್ಕಿ ಒಂದು ಕಣ್ಣಿಗೆ ಒಂದೇ, ಬೆಳಕು ಬರುವ ಕಡೆಗೆ.

ಇನ್ನು ವಿಭೂತಿ. ಕೆಳದಿ ಅರಸರು ವೀರಶೈವರು, ಹಣೆಯ ಮೇಲೆ ವಿಭೂತಿ ಇಲ್ಲದೆ ಚೆನ್ನಮ್ಮ ಪೂರ್ತಿಯಾಗುವುದಿಲ್ಲ. ಇದನ್ನು ಹೆಚ್ಚಿನವರು ಮೂರು ಬಿಳಿ ಪಟ್ಟಿ ಎಳೆದು ಕೆಡಿಸುತ್ತಾರೆ. ಚಿಕ್ಕಮ್ಮ ಬೆಳಗ್ಗೆ ಪೂಜೆ ಮುಗಿಸಿ ಬಂದು ಕೂತಾಗ ಹತ್ತಿರ ಹೋಗಿ ನೋಡಿದೆ. ಬೆರಳು ಮೊದಲು ತಾಗಿದ ಕಡೆ ದಪ್ಪ, ಬಿಡುವ ಕಡೆ ಧೂಳಿನ ಹಾಗೆ ಚದುರಿತ್ತು. ಹಣೆಯ ಸುಕ್ಕಿನ ಗೆರೆಯಲ್ಲಿ ಬೂದಿ ನಿಂತಿರಲಿಲ್ಲ, ಅಲ್ಲಿ ಚರ್ಮ ಕಾಣುತ್ತಿತ್ತು. ನೆರಳಿನ ಬದಿಯಲ್ಲಿ ಅದು ಕೆನ್ನೆಯ ಬೆಳಕಿಗಿಂತಲೂ ಕಪ್ಪು!

ಹಾಗಾಗಿ ಮುಖ ಮುಟ್ಟಿದರೆ ಅಂಟದಷ್ಟು ಒಣಗಲು ಹತ್ತು ದಿನ ಬಿಡಿ. ಬಿಳಿ, ರಾ ಅಂಬರ್, ಚೂರು ನೀಲಿ ಬೆರೆಸಿದ ಬೂದಿಯನ್ನು ಹಂದಿಕೂದಲ ಬ್ರಷ್ಷಿಗೆ ತೆಗೆದುಕೊಂಡು, ಮುಕ್ಕಾಲು ಪಾಲು ಬಟ್ಟೆಗೆ ಒರೆಸಿ, ಉಳಿದದ್ದನ್ನು ಒಣಒಣವಾಗಿ ಹಣೆಯ ಮೇಲೆ ಎಳೆಯಿರಿ. ಕೆಳಗಿನ ಚರ್ಮ ಸಂದಿಸಂದಿಯಲ್ಲಿ ಕಾಣಲಿ. ನೆರಳಿನ ಕಡೆ ಹೋದ ಹಾಗೆ ಬೂದಿಯನ್ನು ಕಪ್ಪು ಮಾಡುತ್ತಾ ಹೋಗಿ. ಬೆಳಕಿನ ಕಡೆ ಒಂದೇ ಜಾಗದಲ್ಲಿ ದಪ್ಪ ಬಿಳಿ.

ರೇಷ್ಮೆ

ಕಡುಗೆಂಪು ಸೀರೆಯನ್ನು ಒಂದೇ ಸಲಕ್ಕೆ ಕಡುಗೆಂಪು ಬಳಿದರೆ ಸತ್ತ ಬಣ್ಣವಾಗುತ್ತದೆ. ಮೊದಲು ಕ್ಯಾಡ್ಮಿಯಂ ರೆಡ್, ಬಿಳಿ, ಬರ್ನ್ಟ್ ಸಿಯೆನ್ನಾದಲ್ಲಿ ಮಡಿಕೆಗಳನ್ನು ಬೇಕಾದದ್ದಕ್ಕಿಂತ ತಿಳಿಯಾಗಿ ಬರೆಯಿರಿ. ಚೆನ್ನಾಗಿ ಒಣಗಲಿ. ಆಮೇಲೆ ಅಲಿಝರಿನ್‌ಗೆ ಒಂದು ಪಾಲು ಅಗಸೆ ಎಣ್ಣೆ, ಎರಡು ಪಾಲು ಟರ್ಪಂಟೈನ್ ಸೇರಿಸಿ ಗಾಜಿನ ಹಾಗೆ ಪಾರದರ್ಶಕವಾಗಿ ಮೇಲೆ ಹರಡಿ. ಇದೇ ಗ್ಲೇಜ್. ಬೆಳಕು ಈ ಕೆಂಪು ಪೊರೆ ದಾಟಿ ಕೆಳಗಿನ ತಿಳಿ ಬಣ್ಣಕ್ಕೆ ಬಡಿದು ವಾಪಸು ಬರುತ್ತದೆ, ರೇಷ್ಮೆ ಒಳಗಿನಿಂದ ಹೊಳೆಯುತ್ತದೆ. ಒಂದು ವಾರ ಬಿಟ್ಟು ಇನ್ನೊಂದು ಗ್ಲೇಜ್. ಅಲಿಝರಿನ್ ತೆಳುವಾದಾಗ ಬಿಸಿಲಿಗೆ ಮಂಕಾಗುವ ಬಣ್ಣ. ಕ್ವಿನಾಕ್ರಿಡೋನ್ ಅನ್ನುವ ಕೆಂಪು ಸಿಕ್ಕರೆ ಅದನ್ನೇ ಹಾಕಿ.

ಹಿನ್ನೆಲೆಗೆ ರಾ ಅಂಬರ್ ಮತ್ತು ಅಲ್ಟ್ರಾಮರೀನ್ ಸಾಕು. ಕಂಬ, ಪರದೆ, ಕೋಟೆ ಏನೂ ಬೇಡ. ಬೆಳಕಿನ ಕೆನ್ನೆಯ ಹಿಂದೆ ಕತ್ತಲೆ, ನೆರಳಿನ ಕೆನ್ನೆಯ ಹಿಂದೆ ತುಸು ಬೆಳಕು ಇರಲಿ. ಒಣಗಿದ ಮೇಲೆ ಅಲ್ಲಲ್ಲಿ ಮಂಕು ಕಲೆ ಕಂಡರೆ ಹೆದರಬೇಡಿ. ಕೆಳಗಿನ ಪದರ ಎಣ್ಣೆ ಹೀರಿದೆ ಅಷ್ಟೇ. ಚೂರು ಅಗಸೆ ಎಣ್ಣೆ ಸವರಿ, ಒರೆಸಿ, ಮುಂದುವರಿಯಿರಿ.

ಈಗ ಚಿನ್ನ

ಚಿನ್ನಕ್ಕೆ ತನ್ನದೇ ಬಣ್ಣ ಕಡಿಮೆ. ಅದು ಸುತ್ತಲಿನದನ್ನು ತೋರಿಸುವ ಕನ್ನಡಿ. ಕೆಂಪು ಸೀರೆಯ ಮೇಲಿನ ಸರದ ಅರ್ಧ ಭಾಗ ಕೆಂಪಾಗೇ ಇರುತ್ತದೆ. ಇಡೀ ಸರವನ್ನು ಮೊದಲು ರಾ ಅಂಬರ್ ಮತ್ತು ಓಕರ್‌ನ ಕಡು ಕಂದಿನಲ್ಲಿ ಬರೆಯಿರಿ. ಸೀರೆ ಪ್ರತಿಫಲಿಸುವ ಕಡೆ ಬರ್ನ್ಟ್ ಸಿಯೆನ್ನಾ. ಬೆಳಕಿನ ಕಡೆ ಶುದ್ಧ ಓಕರ್. ಕೊನೆಗೆ ಓಕರ್ ಬೆರೆತ ದಪ್ಪ ಬಿಳಿಯ ಚುಕ್ಕಿ, ಹತ್ತು ಮಣಿಗೆ ಮೂರು ಮಣಿಯ ಮೇಲೆ ಮಾತ್ರ. ಎಲ್ಲ ಮಣಿಯೂ ಹೊಳೆದರೆ ಯಾವುದೂ ಹೊಳೆಯುವುದಿಲ್ಲ.

ಮೂಗುತಿಯ ಮುತ್ತಿಗೆ ಬೂದಿಯ ದುಂಡು, ಕೆಳಗಡೆ ತುಟಿಯ ಕೆಂಪಿನ ಛಾಯೆ, ಮೇಲೆ ಒಂದು ಚುಕ್ಕಿ. ಮೂರು ಸಲ ಬ್ರಷ್ ತಾಗಿಸಿದರೆ ಮುಗಿಯಿತು. ಜರಿ ಅಂಚನ್ನು ಎಳೆ ಎಣಿಸಿ ಬರೆಯಬೇಡಿ. ಬ್ರಷ್ ತುದಿಯಿಂದ ದಪ್ಪ ಬಣ್ಣ ಅಲ್ಲಲ್ಲಿ ಕುಟ್ಟಿ, ಆರು ಅಡಿ ಹಿಂದೆ ಹೋಗಿ ನೋಡಿ. ಹತ್ತಿರದಿಂದ ಗೊಂದಲ, ದೂರದಿಂದ ಜರಿ. ಇನ್ನೊಂದು ಚಿತ್ರದಲ್ಲಿ ವೆಲಾಸ್ಕೆಸ್ ಅದೇ ದೊರೆಯ ಬೆಳ್ಳಿ ಕಸೂತಿಯನ್ನು ಬರೆದದ್ದು ಹೀಗೇ.

ಒಣಗಿಸಿ ತೂಗುಹಾಕುವುದು

ವಾರ್ನಿಶ್‌ಗೆ ಅವಸರ ಬೇಡ. ಯುಗಾದಿಗೆ ಮುಗಿದ ಚಿತ್ರಕ್ಕೆ ಮುಂದಿನ ಜನವರಿ, ಫೆಬ್ರವರಿಯಲ್ಲಿ ವಾರ್ನಿಶ್. ಬಿಳಿ ಬಟ್ಟೆಗೆ ಚೂರು ಟರ್ಪಂಟೈನ್ ಹಾಕಿ ಮೂಲೆಯಲ್ಲಿ ಮೆಲ್ಲಗೆ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಇನ್ನೂ ಕಾಯಬೇಕು. ಗಾಳಿಯಲ್ಲಿ ಹಸಿ ಇದ್ದಾಗ ವಾರ್ನಿಶ್ ಹಚ್ಚಿದರೆ ಮೇಲೆ ಬಿಳಿ ಮಂಜು ಕೂರುತ್ತದೆ, ಅದಕ್ಕೇ ಚಳಿಗಾಲದ ಒಣ ಮಧ್ಯಾಹ್ನ ಬೇಕು.

ನಡುವಿನ ಮಳೆಗಾಲದಲ್ಲಿ ಚಿತ್ರವನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಬೇಡಿ. ಕತ್ತಲಲ್ಲಿ ಅಗಸೆ ಎಣ್ಣೆ ಹಳದಿ ತಿರುಗುತ್ತದೆ. ಬಿಸಿಲು ನೇರ ಬೀಳದ, ಹಗಲು ಬೆಳಕು ಬರುವ ಒಳಗೋಡೆಗೆ ತೂಗುಹಾಕಿ. ಮಣ್ಣಿನ ಗೋಡೆಯಾಗಲಿ, ಹೊರಗೋಡೆಯಾಗಲಿ ಬೇಡ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಅರ್ಧ ಇಂಚಿನ ಮರದ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಅಡಿಗೆಮನೆ ಹೊಗೆ ಬರುವ ಕಡೆಯಿಂದ ದೂರ ಇರಲಿ. ಹದಿನೈದು ದಿನಕ್ಕೊಮ್ಮೆ ಇಳಿಸಿ ಹಿಂಭಾಗ ನೋಡಿ. ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಳೆ ಬಿಟ್ಟ ಹೊತ್ತಿನಲ್ಲಿ ಜಗಲಿಗೆ ತಂದು, ಮೆತ್ತನೆಯ ಒಣ ಬ್ರಷ್ಷಿನಿಂದ ಹೊರಕ್ಕೆ ಕೊಡವಿ, ಹಿಂಭಾಗವನ್ನು ಗಾಳಿಗೆ ತಿರುಗಿಸಿ ಸಂಜೆವರೆಗೆ ಇಡಿ.